ಸೋಪಿನ ಗುಳ್ಳೆ ನಿಲ್ಲುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಗುಳ್ಳೆ ಸರಿಯಾಗಿ ಬರದಿದ್ದರೆ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ. ಇನ್ನೊಂದಿಷ್ಟು ಸೋಪು ಸುರಿಯುವುದು. ಆಗಲೂ ಬರದಿದ್ದರೆ ಮತ್ತೊಂದಿಷ್ಟು. ಬಹಳ ಸಲ ಇದರಿಂದ ಏನೂ ಪ್ರಯೋಜನ ಆಗುವುದಿಲ್ಲ. ಕೆಲವೊಮ್ಮೆ ಇದ್ದದ್ದೂ ಕೆಡುತ್ತದೆ. ಏಕೆಂದರೆ ಗುಳ್ಳೆ ಒಡೆಯಲು ಕಾರಣ ಹಲವು. ನೀರಿನಲ್ಲಿ ದೋಷ ಇರಬಹುದು, ಗಾಳಿಯಲ್ಲಿ ಇರಬಹುದು. ಬೆರಳಿನ ಜಿಡ್ಡು, ರಿಂಗಿನ ಒಣ ಅಂಚು, ಊದುವ ರಭಸ, ಯಾವುದೂ ಆಗಿರಬಹುದು.

ಆದರೆ ಗುಳ್ಳೆ ಒಡೆಯುವ ಮುಂಚೆ ತನ್ನ ಕಾಯಿಲೆ ಏನೆಂದು ತೋರಿಸಿಯೇ ಹೋಗುತ್ತದೆ. ಯಾವ ಹಂತದಲ್ಲಿ ಒಡೆಯಿತು, ಆಗ ಅದರ ಮೈಮೇಲೆ ಯಾವ ಬಣ್ಣ ಇತ್ತು ಎಂಬ ಎರಡು ವಿಷಯ ಗಮನಿಸಿದರೆ ದೋಷ ಎಲ್ಲಿದೆ ಎಂದು ಹೆಚ್ಚು ಕಡಿಮೆ ಗೊತ್ತಾಗುತ್ತದೆ. ದ್ರಾವಣಕ್ಕೆ ಕೈ ಹಾಕುವುದು ಅದಾದ ಮೇಲೆ.

ಪೊರೆ ನಿಲ್ಲುವುದು ಹೇಗೆ

ಗುಳ್ಳೆಯ ಗೋಡೆ ಎಂದರೆ ಎರಡು ಮೈ ಇರುವ ನೀರಿನ ಪೊರೆ. ಒಳಮೈ, ಹೊರಮೈ ಎರಡರಲ್ಲೂ ಸೋಪಿನ ಅಣುಗಳ ಒಂದೊಂದು ಸಾಲು. ಪ್ರತಿ ಅಣುವಿಗೂ ನೀರನ್ನು ಬಯಸುವ ಒಂದು ತಲೆ, ನೀರಿನಿಂದ ದೂರ ಸರಿಯುವ ಉದ್ದನೆಯ ಬಾಲ. ತಲೆ ನೀರಿನೊಳಗೆ, ಬಾಲ ಗಾಳಿಯ ಕಡೆಗೆ.

ದ್ರವದ ಮೇಲ್ಮೈ ಸದಾ ತನ್ನನ್ನು ಕುಗ್ಗಿಸಿಕೊಳ್ಳಲು ಎಳೆಯುತ್ತಿರುತ್ತದೆ. ಅದೇ ಮೇಲ್ಮೈ ಎಳೆತ. ಶುದ್ಧ ನೀರಿನಲ್ಲಿ ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಸುಮಾರು 73 ಮಿಲಿನ್ಯೂಟನ್. ಸೋಪು ಬೆರೆತರೆ ಅದು 25ರಿಂದ 30ರ ಆಸುಪಾಸಿಗೆ ಇಳಿಯುತ್ತದೆ. ಎಳೆತ ಕಡಿಮೆ ಆದದ್ದರಿಂದಲೇ ಗುಳ್ಳೆ ನಿಲ್ಲುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಪೊರೆಯ ಒಂದು ಜಾಗ ಹಿಗ್ಗಿ ತೆಳುವಾಯಿತು ಎಂದುಕೊಳ್ಳಿ. ಅಲ್ಲಿ ಸೋಪಿನ ಅಣುಗಳು ಚದುರುತ್ತವೆ. ಅಣುಗಳು ಚದುರಿದ ಕಡೆ ಎಳೆತ ಜಾಸ್ತಿ. ಆ ಎಳೆತ ಸುತ್ತಲಿನ ದ್ರವವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ತೆಳುವಾದ ಜಾಗ ಮತ್ತೆ ತುಂಬುತ್ತದೆ. ಎಳೆತದ ವ್ಯತ್ಯಾಸದಿಂದ ದ್ರವ ಹೀಗೆ ಹರಿಯುವುದಕ್ಕೆ ಮರಂಗೋನಿ ಪರಿಣಾಮ ಎನ್ನುತ್ತಾರೆ. ಪೊರೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವುದು ಇದರಿಂದಲೇ. ಬರೀ ನೀರಿಗೆ ಈ ಶಕ್ತಿ ಇಲ್ಲ. ಅದರ ಎಳೆತ ಎಲ್ಲ ಕಡೆ ಒಂದೇ. ಹಾಗಾಗಿ ಜಗ್ಗಿದ ಹಳೆ ಬಟ್ಟೆಯ ಹಾಗೆ ತೆಳುವಾದ ಕಡೆಯೇ ಹರಿಯುತ್ತದೆ.

ಸೋಪು ಸುರಿಯುತ್ತಾ ಹೋದರೆ ಏಕೆ ಪ್ರಯೋಜನ ಇಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೇಲ್ಮೈ ತುಂಬಿದ ಮೇಲೆ ಹೆಚ್ಚಿನ ಅಣುಗಳಿಗೆ ಅಲ್ಲಿ ಜಾಗ ಇರುವುದಿಲ್ಲ. ಅವು ನೀರಿನೊಳಗೆ ಗುಂಪುಗುಂಪಾಗಿ ಸೇರುತ್ತವೆ. ಆ ಗುಂಪುಗಳಿಗೆ ಮೈಸೆಲ್ ಎಂದು ಹೆಸರು. ಡಿಟರ್ಜೆಂಟುಗಳಲ್ಲಿ ಬಳಸುವ ಸೋಡಿಯಂ ಡೋಡೆಸಿಲ್ ಸಲ್ಫೇಟ್ ತೆಗೆದುಕೊಂಡರೆ, ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 2.3 ಗ್ರಾಂ ಆದಾಗಲೇ ಈ ಹಂತ ಬರುತ್ತದೆ. ಅದಕ್ಕಿಂತ ಎಷ್ಟು ಹಾಕಿದರೂ ಎಳೆತ ಹೆಚ್ಚೇನೂ ಇಳಿಯುವುದಿಲ್ಲ. ತೀರಾ ಜಾಸ್ತಿಯಾದರೆ ಇನ್ನೊಂದು ತೊಂದರೆ. ತೆಳುವಾದ ಜಾಗಕ್ಕೆ ಒಳಗಿನ ಅಣುಗಳೇ ತಟ್ಟನೆ ಬಂದು ತುಂಬಿಕೊಳ್ಳುತ್ತವೆ. ಎಳೆತದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ದ್ರವವನ್ನು ಸೆಳೆಯಲು ಯಾವ ಶಕ್ತಿಯೂ ಉಳಿಯುವುದಿಲ್ಲ.

ಈ ಪೊರೆಗೆ ಶತ್ರುಗಳು ಮೂರು. ಭೂಮಿಯ ಸೆಳೆತಕ್ಕೆ ನೀರು ಕೆಳಗೆ ಬಸಿಯುವುದು. ನೀರು ಆವಿಯಾಗುವುದು. ಹೊರಗಿನಿಂದ ಏನೋ ಬಂದು ಚುಚ್ಚುವುದು. ಮೊದಲೆರಡನ್ನು ತಡೆದರೆ ಏನಾಗುತ್ತದೆ ಎಂದು ಫ್ರಾನ್ಸಿನ ಲಿಲ್ ನಗರದ ವಿಜ್ಞಾನಿಗಳು 2022ರಲ್ಲಿ ತೋರಿಸಿದರು. ನೀರು, ಗ್ಲಿಸರಿನ್ ಮತ್ತು ಪ್ಲಾಸ್ಟಿಕ್‌ನ ಸಣ್ಣ ಕಣಗಳನ್ನು ಬಳಸಿ ಮಾಡಿದ ಅವರ ಗುಳ್ಳೆ 465 ದಿನ ಉಳಿಯಿತು. ಅದರಲ್ಲಿ ಸೋಪೇ ಇರಲಿಲ್ಲ. ಕಣಗಳು ನೀರು ಬಸಿಯುವುದನ್ನು ತಡೆದವು. ಗಾಳಿಯಲ್ಲಿನ ತೇವವನ್ನು ಹೀರುವ ಗ್ಲಿಸರಿನ್, ಆವಿಯಾಗಿ ಹೋದ ನೀರನ್ನು ತುಂಬಿಕೊಟ್ಟಿತು. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ. ನಮ್ಮ ಗುಳ್ಳೆಯನ್ನು ಈ ಮೂವರಲ್ಲಿ ಯಾರು ಕೊಂದರು ಎಂದು ಕಂಡುಹಿಡಿದರೆ ಸಾಕು.

ಮೊದಲು ರಿಂಗು ಪರೀಕ್ಷೆ

ಒಡೆಯುವ ಗಳಿಗೆಯನ್ನು ಕಣ್ಣಿನಿಂದ ಹಿಡಿಯಲು ಆಗುವುದಿಲ್ಲ. ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ದಪ್ಪದ ಪೊರೆಯಲ್ಲಿ ತೂತು ಬಿದ್ದರೆ, ಅದರ ಅಂಚು ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ರೆಪ್ಪೆ ಮುಚ್ಚಿ ತೆರೆಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಅದಕ್ಕೇ ಒಡೆಯುವ ಮುಂಚಿನದನ್ನು ನೋಡಬೇಕು. ಹಾರುವ ಗುಳ್ಳೆಯಲ್ಲಿ ಇದು ಕಷ್ಟ. ರಿಂಗಿನಲ್ಲಿ ಸುಲಭ.

ತಂತಿ ಬಗ್ಗಿಸಿ 5–6 ಸೆಂಟಿಮೀಟರ್ ಅಗಲದ ರಿಂಗು ಮಾಡಿಕೊಳ್ಳಿ. ಚೆನ್ನಾಗಿ ತೊಳೆಯಿರಿ. ದ್ರಾವಣದ ಮೇಲಿನ ನೊರೆಯನ್ನು ಚಮಚದಿಂದ ತೆಗೆದುಹಾಕಿ. ರಿಂಗನ್ನು ಪೂರ್ತಿ ಮುಳುಗಿಸಿ, ನಿಧಾನವಾಗಿ ಎತ್ತಿ, ನೆಟ್ಟಗೆ ಹಿಡಿಯಿರಿ. ಹಿನ್ನೆಲೆಯಲ್ಲಿ ಕಪ್ಪು ಬಟ್ಟೆ ಇರಲಿ. ಕಿಟಕಿಯ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಂದು ಪೊರೆಯಲ್ಲಿ ಪ್ರತಿಫಲಿಸಲಿ. ಫ್ಯಾನ್ ಆರಿಸಿ. ಊದಬೇಡಿ, ಅಲ್ಲಾಡಿಸಬೇಡಿ. ಸುಮ್ನೆ ನೋಡುತ್ತಾ ಇರಿ.

ದ್ರಾವಣ ಆರೋಗ್ಯವಾಗಿದ್ದರೆ ಹೀಗೆ ಕಾಣುತ್ತದೆ. ಮೊದಲು ಬಣ್ಣವೇ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಮೇಲ್ಭಾಗದಲ್ಲಿ ತಿಳಿ ಗುಲಾಬಿ, ತಿಳಿ ಹಸಿರು ಅಡ್ಡ ಪಟ್ಟೆಗಳು ಮೂಡುತ್ತವೆ. ಅವು ಕೆಳಗೆ ಜಾರುತ್ತವೆ. ಮೇಲಿನಿಂದ ಹೊಸ ಪಟ್ಟೆಗಳು ಇಳಿಯುತ್ತವೆ. ಬಣ್ಣ ಗಾಢವಾಗುತ್ತಾ ಬರುತ್ತದೆ. ಕೊನೆಗೆ ಮೇಲಿನ ಅಂಚಿನ ಹತ್ತಿರ ಹಳದಿ, ಅದರ ಮೇಲೆ ಬೆಳ್ಳಿಯಂಥ ಬಿಳುಪು, ಅದಕ್ಕೂ ಮೇಲೆ ಕಪ್ಪು. ಆ ಕಪ್ಪು ಭಾಗ ನೋಡಿದರೆ ಅಲ್ಲಿ ಪೊರೆಯೇ ಇಲ್ಲವೇನೋ ಅನ್ನಿಸುತ್ತದೆ. ಆದರೆ ಇರುತ್ತದೆ!

ಇದು ಬಣ್ಣದ ಆಟ ಮಾತ್ರ ಅಲ್ಲ. ಪೊರೆಯ ದಪ್ಪ ಅಳೆಯುವ ಸಾಧನ. ಬೆಳಕು ಪೊರೆಯ ಮುಂದಿನ ಮೈಯಿಂದಲೂ ಹಿಂದಿನ ಮೈಯಿಂದಲೂ ವಾಪಸ್ ಬರುತ್ತದೆ. ಆ ಎರಡು ಅಲೆಗಳು ಸೇರುವಾಗ ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಸಿಹೋಗುತ್ತವೆ. ಯಾವುದು ಉಳಿಯುತ್ತದೆ ಎಂಬುದು ಪೊರೆಯ ದಪ್ಪದ ಮೇಲೆ ನಿಂತಿದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಪೊರೆ ಇದೇ ಅಳತೆಗೆ ಇಳಿದಾಗ ಬಣ್ಣ ಗಾಢವಾಗುತ್ತದೆ. ಬೆಳ್ಳಿಯ ಬಿಳುಪು ಕಂಡರೆ ದಪ್ಪ ಸುಮಾರು 100 ನ್ಯಾನೋಮೀಟರ್. ಕಪ್ಪು ಕಂಡರೆ 30 ನ್ಯಾನೋಮೀಟರಿಗಿಂತಲೂ ಕಡಿಮೆ. ತಲೆಕೂದಲಿನ ದಪ್ಪದಲ್ಲಿ ಸಾವಿರ ಭಾಗ ಮಾಡಿದರೂ ಒಂದು ಭಾಗ ಇದಕ್ಕಿಂತ ದಪ್ಪ. ಮುಂದಿನ ಮೈಯಿಂದ ಮರಳುವ ಅಲೆ ತಲೆಕೆಳಗಾಗುತ್ತದೆ, ಹಿಂದಿನದು ಆಗುವುದಿಲ್ಲ. ಪೊರೆ ಇಷ್ಟು ತೆಳುವಾದಾಗ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಬೆಳಕು ಮರಳಿ ಬರುವುದೇ ಇಲ್ಲ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1672ರಲ್ಲೇ ಈ ಕಪ್ಪು ಜಾಗಗಳನ್ನು ಗಮನಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದ. ಒಂದು ತಂತಿ, ಒಂದಿಷ್ಟು ಸೋಪಿನ ನೀರು ಇದ್ದರೆ ಅಷ್ಟು ಸಣ್ಣ ಅಳತೆ ಬರಿಗಣ್ಣಿಗೆ ಸಿಗುತ್ತದೆ ಎಂಬುದು ನನಗೆ ಇವತ್ತಿಗೂ ದೊಡ್ಡ ಅಚ್ಚರಿ.

ಈಗ ರೋಗ ಗುರುತಿಸೋಣ. ಪರೀಕ್ಷೆಯನ್ನು ನಾಲ್ಕೈದು ಸಲ ಮಾಡಿ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ.

ಬಣ್ಣ ಮೂಡುವ ಮೊದಲೇ, ಪ್ರತಿ ಸಲವೂ ಒಡೆಯುತ್ತಿದೆಯೇ? ಹಾಗಾದರೆ ಪೊರೆ ಇನ್ನೂ ದಪ್ಪ ಇರುವಾಗಲೇ ಸೋತಿದೆ. ನೀರು ಬಸಿದದ್ದು ಇದಕ್ಕೆ ಕಾರಣ ಅಲ್ಲ, ಒಣಗಿದ್ದೂ ಅಲ್ಲ. ಸೋಪು ಕೆಲಸಕ್ಕೆ ಸಿಗುತ್ತಿಲ್ಲ, ಇಲ್ಲವೇ ಜಿಡ್ಡು ಸೇರಿದೆ. ಗ್ಲಿಸರಿನ್ ಹಾಕಿ ಪ್ರಯೋಜನ ಇಲ್ಲ.

ಒಂದು ಸಲ ಬೇಗ, ಇನ್ನೊಂದು ಸಲ ತಡವಾಗಿ, ಯಾವ ಬಣ್ಣಕ್ಕೆ ಎಂದು ಹೇಳಲಾಗದ ಹಾಗೆ ಒಡೆಯುತ್ತಿದೆಯೇ? ಈ ಏರುಪೇರೇ ಸುಳಿವು. ಯಾವುದೋ ಕಣ ಚುಚ್ಚುತ್ತಿದೆ. ಧೂಳು, ಕರಗದ ಸೋಪಿನ ಚೂರು, ಪೊರೆಗೆ ಅಂಟಿಕೊಂಡ ಸಣ್ಣ ನೊರೆ ಗುಳ್ಳೆ, ರಿಂಗಿನ ತುಕ್ಕು. ದ್ರಾವಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ನೊರೆ ಪೂರ್ತಿ ಇಳಿಯುವವರೆಗೆ ಬಿಡಿ.

ಪಟ್ಟೆಗಳು ಸರಸರ ಇಳಿದು, ಕೆಲವೇ ಸೆಕೆಂಡಿನಲ್ಲಿ ಬಿಳುಪು ಬಂದು ಒಡೆಯುತ್ತಿದೆಯೇ? ಸೋಪು ಸರಿಯಾಗಿದೆ, ದ್ರಾವಣ ತೀರಾ ನೀರಾಗಿದೆ. ಇಲ್ಲವೇ ಗಾಳಿ ಒಣಗಿದೆ. ಎರಡರಲ್ಲಿ ಯಾವುದು ಎಂದು ತಿಳಿಯುವ ಪರೀಕ್ಷೆ ಮುಂದೆ ಹೇಳುತ್ತೇನೆ.

ನಿಧಾನವಾಗಿ ಇಳಿದು, ಕಪ್ಪು ಬಂದ ಮೇಲೆ ಒಡೆಯುತ್ತಿದೆಯೇ? ದ್ರಾವಣದಲ್ಲಿ ದೋಷ ಇಲ್ಲ. ಪೊರೆ ತನ್ನ ಆಯುಸ್ಸು ಮುಗಿಸಿದೆ ಅಷ್ಟೇ. ಆದರೂ ಊದಿದ ಗುಳ್ಳೆ ನಿಲ್ಲುತ್ತಿಲ್ಲ ಎಂದರೆ ಊದುವ ರೀತಿ ನೋಡಬೇಕು.

ಪೊರೆಯೇ ಕಟ್ಟದಿದ್ದರೆ

ಮೊದಲು ಬಾಟಲಿಯ ಲೇಬಲ್ ಓದಿ. ಸುಲಭದ ಕೆಲಸ, ಆದರೆ ಬಹಳ ಜನ ಬಿಟ್ಟುಬಿಡುತ್ತಾರೆ. ವಾಷಿಂಗ್ ಮಷೀನಿಗೆ ಹಾಕುವ ಲಿಕ್ವಿಡ್, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಪುಡಿ, ಇವನ್ನೆಲ್ಲ ನೊರೆ ಕಡಿಮೆ ಬರಲಿ ಎಂದೇ ತಯಾರಿಸಿರುತ್ತಾರೆ. ಯಂತ್ರದೊಳಗೆ ನೊರೆ ತುಂಬಿದರೆ ತೊಳೆಯುವ ಕೆಲಸ ಕೆಡುತ್ತದೆ ಅಲ್ವಾ? ಹಾಗಾಗಿ ಅವುಗಳಲ್ಲಿ ನೊರೆ ತಡೆಯುವ ವಸ್ತು ಸೇರಿಸಿರುವುದುಂಟು. ಅಂಥದ್ದರಿಂದ ಗುಳ್ಳೆ ಮಾಡಲು ಹೊರಟರೆ ಎಷ್ಟು ಒದ್ದಾಡಿದರೂ ಬರುವುದಿಲ್ಲ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿ.

ಬಟ್ಟೆ ಸೋಪು, ಸ್ನಾನದ ಸೋಪು ಕರಗಿಸಿ ಮಾಡುತ್ತಿದ್ದರೆ ಮೊದಲ ಅನುಮಾನ ನೀರಿನ ಮೇಲೆ. ಸೋಪು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಒಂದೊಂದು ಕ್ಯಾಲ್ಸಿಯಂ ಅಯಾನು ಎರಡೆರಡು ಸೋಪಿನ ಅಣುಗಳನ್ನು ಹಿಡಿದುಕೊಂಡು ಕರಗದ ಬಿಳಿ ಕೆನೆ ಮಾಡುತ್ತದೆ. ಬಕೆಟ್ಟಿನ ಒಳಮೈಗೆ ಅಂಟಿಕೊಳ್ಳುವ ಮಾಸಲು ಬಿಳಿ ಪದರ ಅದೇ. ಲೆಕ್ಕ ಹಾಕಿ ನೋಡಿ. ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಇದ್ದರೆ, ಲೀಟರಿಗೆ ಹತ್ತಿರ 1.8 ಗ್ರಾಂ ಸೋಡಿಯಂ ಸ್ಟಿಯರೇಟ್ ಎಂಬ ಸೋಪು ಈ ಕೆನೆಗೇ ಹೋಗುತ್ತದೆ. ಅಷ್ಟು ಸೋಪು ವ್ಯರ್ಥ ಆದ ಮೇಲೆ ಉಳಿದದ್ದು ಗುಳ್ಳೆಗೆ. ಜೊತೆಗೆ ಆ ಕೆನೆಯ ಕಣಗಳೇ ಪೊರೆಯನ್ನು ಚುಚ್ಚುತ್ತವೆ. ಹೀಗಾಗಿ ಸೋಪು ಜಾಸ್ತಿ ಹಾಕಿ ಗಡಸು ನೀರನ್ನು ಗೆಲ್ಲುವ ದಾರಿ ನನಗೆ ಸರಿ ಕಾಣುವುದಿಲ್ಲ.

ಪರೀಕ್ಷೆ ಸರಳ. ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅಷ್ಟೇ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಒಂದೇ ಅಳತೆಯ ಸೋಪಿನ ತುರಿ ಹಾಕಿ, ಮುಚ್ಚಿ, ಒಂದೇ ಸಮನೆ ಅಲ್ಲಾಡಿಸಿ. ನಲ್ಲಿ ನೀರಿನ ಬಾಟಲಿ ಮಾತ್ರ ಹಾಲಿನಂತೆ ಕದಡಿ, ನೊರೆ ಬರದೆ, ಮೇಲೆ ಬಿಳಿ ಕೆನೆ ತೇಲಿದರೆ ದೋಷ ನೀರಿನದು. ಎರಡರಲ್ಲೂ ನೊರೆ ಚೆನ್ನಾಗಿದ್ದರೆ ನೀರನ್ನು ಬಿಟ್ಟು ಬೇರೆ ಕಡೆ ಹುಡುಕಿ. ಎರಡರಲ್ಲೂ ಬರದಿದ್ದರೆ ಸೋಪನ್ನೇ ಬದಲಿಸಿ.

ನೀರು ಗಡಸಾಗಿದ್ದರೆ ಮಳೆ ನೀರು, ಡಿಸ್ಟಿಲ್ಡ್ ವಾಟರ್ ಬಳಸುವುದು ಎಲ್ಲಕ್ಕಿಂತ ನೇರ ದಾರಿ. ಕುದಿಸಿದರೆ ಬೈಕಾರ್ಬೊನೇಟಿನಿಂದ ಬಂದ ಗಡಸುತನ ಹೋಗುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ತಣಿದ ಮೇಲೆ ತಿಳಿ ನೀರನ್ನು ಮಾತ್ರ ಬಗ್ಗಿಸಿಕೊಳ್ಳಿ. ಸಲ್ಫೇಟಿನಿಂದ ಬಂದ ಗಡಸುತನ ಕುದಿಸಿದರೆ ಹೋಗುವುದಿಲ್ಲ. ಅದಕ್ಕೆ ವಾಷಿಂಗ್ ಸೋಡಾ ಬೇಕು. ಪಾತ್ರೆ ತೊಳೆಯುವ ಲಿಕ್ವಿಡ್‌ನ ಡಿಟರ್ಜೆಂಟಿಗೆ ಕ್ಯಾಲ್ಸಿಯಂ ಕಾಟ ಕಡಿಮೆ. ಅದು ಹೀಗೆ ಕೆನೆಗಟ್ಟುವುದಿಲ್ಲ. ಅದೇ ಕಾರಣಕ್ಕೆ ಗುಳ್ಳೆಗೆ ನಾನು ಸೋಪಿಗಿಂತ ಲಿಕ್ವಿಡ್ ಹಾಕಿ ಎಂದೇ ಹೇಳುತ್ತೇನೆ.

ಇನ್ನೊಂದು ಕಾರಣ ಹುಳಿ. ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಿಂದ ತೊಳೆದ ಪಾತ್ರೆಯಲ್ಲೇ ಸೋಪಿನ ನೀರು ಮಾಡಿದರೆ ನೊರೆ ಸತ್ತುಹೋಗುತ್ತದೆ. ಆಮ್ಲ ಬಿದ್ದಾಗ ಸೋಪು ಮತ್ತೆ ಕೊಬ್ಬಿನಾಮ್ಲವಾಗಿ ನೀರಿನಿಂದ ಬೇರೆಯಾಗುತ್ತದೆ. ಕೈಯಲ್ಲಿರುವುದು ನಿಜವಾದ ಸೋಪೋ, ಡಿಟರ್ಜೆಂಟಿನ ಬಿಲ್ಲೆಯೋ ಎಂಬ ಅನುಮಾನ ಇದ್ದರೆ ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಸೋಪಿನ ತಿಳಿ ನೀರಿಗೆ ನಾಲ್ಕು ಹನಿ ವಿನೆಗರ್ ಬಿಡಿ. ತಕ್ಷಣ ಕದಡಿದರೆ ಸೋಪು.

ಜಿಡ್ಡಿನ ವಿಷಯ

ಜಿಡ್ಡನ್ನು ಬೇರೆಯಾಗಿ ಹೇಳುತ್ತಿದ್ದೇನೆ. ಏಕೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ. ನೀರು, ಸೋಪು, ರಿಂಗು ಎಲ್ಲ ಸರಿಯಾಗಿದ್ದರೂ ಗುಳ್ಳೆ ಒಡೆಯುತ್ತಲೇ ಇರುತ್ತದೆ.

ಸೋಪು ಜಿಡ್ಡನ್ನು ಕರಗಿಸುತ್ತದೆ, ಹಾಗಿದ್ದ ಮೇಲೆ ಒಂದು ಹನಿ ಎಣ್ಣೆಯಿಂದ ಏನಾಗುತ್ತದೆ ಎಂದು ಕೇಳಬಹುದು. ಕರಗುವ ಮುಂಚೆ ಆ ಹನಿ ಪೊರೆಯೊಳಗೆ ಸೇರುತ್ತದೆ. ಪೊರೆ ತೆಳುವಾದಂತೆ ಹನಿಯ ಒಂದು ಬದಿ ಒಳಮೈಯನ್ನೂ ಇನ್ನೊಂದು ಬದಿ ಹೊರಮೈಯನ್ನೂ ಮುಟ್ಟುತ್ತದೆ. ಅಲ್ಲಿ ನೀರಿನ ಬದಲು ಎಣ್ಣೆಯ ಸೇತುವೆ. ನೀರು ಆ ಸೇತುವೆಯಿಂದ ಹಿಂದೆ ಸರಿಯುತ್ತದೆ. ಪೊರೆ ಅಲ್ಲೇ ಹರಿಯುತ್ತದೆ. ಕಾರ್ಖಾನೆಗಳಲ್ಲಿ ನೊರೆ ತಗ್ಗಿಸಲು ಸಿಲಿಕೋನ್ ಎಣ್ಣೆ ಹಾಕುವುದು ಇದೇ ಕಾರಣಕ್ಕೆ. ಅಲ್ಲಿ ಬಹಳ ಸಣ್ಣ ಪ್ರಮಾಣವೇ ಸಾಕಾಗುತ್ತದೆ. ನಿಮ್ಮ ದ್ರಾವಣಕ್ಕೂ ಅಷ್ಟೇ ಸಾಕು.

ಜಿಡ್ಡು ಎಲ್ಲಿಂದ ಬರುತ್ತದೆ? ಬೆರಳಿನಿಂದ, ಕೈಗೆ ಹಚ್ಚಿದ ಕ್ರೀಮಿನಿಂದ, ಅಡುಗೆಗೆ ಬಳಸಿದ ಪಾತ್ರೆಯಿಂದ. ದ್ರಾವಣದಲ್ಲಿ ಮಕ್ಕಳು ಮತ್ತೆ ಮತ್ತೆ ಕೈ ಅದ್ದುತ್ತಿದ್ದರೆ, ಮೊದಲು ಚೆನ್ನಾಗಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ಮಂಕಾಗುತ್ತದೆ. ಪತ್ತೆ ಮಾಡಲು, ಅದೇ ಬಾಟಲಿಯ ಲಿಕ್ವಿಡ್, ಅದೇ ನೀರು ತೆಗೆದುಕೊಂಡು, ಶುದ್ಧವಾಗಿ ತೊಳೆದ ಗಾಜಿನ ಲೋಟದಲ್ಲಿ ಹೊಸದಾಗಿ ಸ್ವಲ್ಪ ಬೆರೆಸಿ. ಹೊಸದು ನಿಂತು, ಹಳೆಯದು ಒಡೆದರೆ ಕೊಳೆ ಸೇರಿದೆ ಎಂದೇ ಅರ್ಥ. ಹಳೆಯದನ್ನು ಸರಿ ಮಾಡಲು ಹೋಗಬೇಡಿ. ಚೆಲ್ಲಿ ಹೊಸದು ಮಾಡಿ.

ಊದುವಾಗಲೇ ಒಡೆಯುತ್ತಿದ್ದರೆ

ರಿಂಗು ಪರೀಕ್ಷೆಯಲ್ಲಿ ಪಾಸಾದ ದ್ರಾವಣ ಊದುವಾಗ ಒಡೆಯುತ್ತಿದ್ದರೆ, ತಪ್ಪು ದ್ರಾವಣದ್ದಲ್ಲ. ಇಲ್ಲಿ ಒತ್ತಡದ ಲೆಕ್ಕ ಸ್ವಲ್ಪ ತಿಳಿದಿರಬೇಕು.

ಗುಳ್ಳೆಯೊಳಗಿನ ಒತ್ತಡ ಹೊರಗಿಗಿಂತ ತುಸು ಜಾಸ್ತಿ. ಎಷ್ಟು ಜಾಸ್ತಿ ಎಂದರೆ, ಮೇಲ್ಮೈ ಎಳೆತವನ್ನು ನಾಲ್ಕರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದಷ್ಟು. ಎರಡು ಮೈ ಇರುವುದರಿಂದ ಎರಡರ ಬದಲು ನಾಲ್ಕು. ತ್ರಿಜ್ಯ 1 ಸೆಂಟಿಮೀಟರ್ ಇರುವ ಗುಳ್ಳೆಯಲ್ಲಿ ಇದು ಸುಮಾರು 10 ಪಾಸ್ಕಲ್. ವಾತಾವರಣದ ಒತ್ತಡದ ಹತ್ತು ಸಾವಿರದಲ್ಲಿ ಒಂದು ಪಾಲು! ತ್ರಿಜ್ಯ 1 ಮಿಲಿಮೀಟರ್ ಆದರೆ ಹತ್ತು ಪಟ್ಟು, ಅಂದರೆ 100 ಪಾಸ್ಕಲ್. ಗುಳ್ಳೆ ಸಣ್ಣದಾದಷ್ಟೂ ಒತ್ತಡ ಜಾಸ್ತಿ. ಒಂದು ಕೊಳವೆಯ ಎರಡು ತುದಿಗೆ ಸಣ್ಣ ಗುಳ್ಳೆ, ದೊಡ್ಡ ಗುಳ್ಳೆ ಕಟ್ಟಿದರೆ ಸಣ್ಣದು ಬರಿದಾಗಿ ದೊಡ್ಡದು ಇನ್ನೂ ದೊಡ್ಡದಾಗುವುದು ಇದರಿಂದಲೇ.

ಊದುವಾಗ ಪೊರೆ ಮೊದಲು ಉಬ್ಬಿ ಅರ್ಧಗೋಳ ಆಗುತ್ತದೆ. ಆಗ ಅದರ ತ್ರಿಜ್ಯ ರಿಂಗಿನ ತ್ರಿಜ್ಯದಷ್ಟೇ. ಒತ್ತಡ ಅತಿ ಹೆಚ್ಚು ಬೇಕಾಗುವುದು ಆ ಗಳಿಗೆಯಲ್ಲಿ. ಅದನ್ನು ದಾಟಿದ ಮೇಲೆ ಗುಳ್ಳೆ ಬೆಳೆದಷ್ಟೂ ಕಡಿಮೆ ಒತ್ತಡ ಸಾಕು. ನಾವು ಮಾಡುವುದು ಉಲ್ಟಾ. ಮೊದಲು ಮೆಲ್ಲಗೆ ಊದುತ್ತೇವೆ, ಗುಳ್ಳೆ ಉಬ್ಬಿದ ಮೇಲೆ ಹುರುಪಿನಿಂದ ಜೋರಾಗಿ ಊದುತ್ತೇವೆ. ಆಗ ಗಾಳಿಯ ಧಾರೆ ಪೊರೆಯ ಒಂದೇ ಜಾಗಕ್ಕೆ ಬಡಿಯುತ್ತದೆ. ಉಬ್ಬಿದ ತಕ್ಷಣ ಉಸಿರು ತಗ್ಗಿಸಿ. ಬಾಯಿಯನ್ನು ತುಸು ದೂರ ಇಡಿ.

ಸ್ಟ್ರಾದಿಂದ ಊದುವಾಗ ಬರೀ ಸಣ್ಣ ಗುಳ್ಳೆ ಬಂದರೆ, ತುದಿಯನ್ನು ನಾಲ್ಕು ಕಡೆ ಸೀಳಿ ಹೂವಿನ ಎಸಳಿನಂತೆ ಬಿಡಿಸಿ. ಅಂಚಿನ ಅಗಲ ಹೆಚ್ಚುತ್ತದೆ. ಎಸಳುಗಳಲ್ಲಿ ದ್ರಾವಣವೂ ಜಾಸ್ತಿ ನಿಲ್ಲುತ್ತದೆ.

ರಿಂಗಿನ ಅಂಚು ಒಣಗಿದ್ದರೂ ಪೊರೆ ಒಡೆಯುತ್ತದೆ. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ದ್ರಾವಣ ನಿಲ್ಲದೆ ಜಾರುತ್ತದೆ. ತಂತಿಗೆ ಹತ್ತಿ ನೂಲು ಸುತ್ತಿದರೆ ನೂಲು ದ್ರಾವಣವನ್ನು ಹೀರಿ ಇಟ್ಟುಕೊಂಡು, ಪೊರೆ ಬೆಳೆಯುವಾಗ ಒದಗಿಸುತ್ತದೆ. ಗುಳ್ಳೆಯನ್ನು ಕೈಮೇಲೆ ಕೂರಿಸುವಾಗಲೂ ಇದೇ ಮಾತು. ಒಣ ಬೆರಳು ಪೊರೆಯ ನೀರನ್ನು ಎಳೆದುಕೊಂಡು ಒಡೆಯುತ್ತದೆ. ದ್ರಾವಣದಲ್ಲಿ ಅದ್ದಿದ ಬೆರಳನ್ನು ಗುಳ್ಳೆಯೊಳಗೇ ತೂರಿಸಬಹುದು, ಅದು ನಿಂತೇ ಇರುತ್ತದೆ. ಉಣ್ಣೆಯ ಕೈಗವಸಿನ ಮೇಲೂ ನಿಲ್ಲುತ್ತದೆ. ಅಲ್ಲಿ ಕಾರಣ ಬೇರೆ. ಎಳೆಗಳ ತುದಿ ಮಾತ್ರ ತಾಗುವುದರಿಂದ ಪೊರೆ ಅಂಟಿಕೊಳ್ಳುವುದಿಲ್ಲ.

ಹಾರಿದ ಮೇಲೆ ಬೇಗ ಒಡೆಯುತ್ತಿದ್ದರೆ

ನೀರು ಬಸಿಯಿತೋ, ಆವಿಯಾಯಿತೋ? ಇದನ್ನು ಬೇರ್ಪಡಿಸದೆ ಮದ್ದು ಹಾಕಬಾರದು.

ಅಗಲ ಬಾಯಿಯ ಗಾಜಿನ ಜಾಡಿ ತೆಗೆದುಕೊಳ್ಳಿ. ತಳಕ್ಕೆ ಒದ್ದೆ ಬಟ್ಟೆ ಹಾಸಿ, ಮುಚ್ಚಿ, ಸ್ವಲ್ಪ ಹೊತ್ತು ಬಿಡಿ. ಒಳಗಿನ ಗಾಳಿ ತೇವದಿಂದ ತುಂಬುತ್ತದೆ. ಈಗ ಪೊರೆ ಕಟ್ಟಿದ ರಿಂಗನ್ನು ಜಾಡಿಯೊಳಗೆ ನೆಟ್ಟಗೆ ಇಳಿಬಿಟ್ಟು ಮತ್ತೆ ಮುಚ್ಚಿ. ಇನ್ನೊಂದು ರಿಂಗನ್ನು ಹೊರಗೆ ನಿಲ್ಲಿಸಿ. ಜಾಡಿಯೊಳಗಿನದು ಬಹಳ ಹೆಚ್ಚು ಹೊತ್ತು ನಿಂತರೆ ನಿಮ್ಮ ಗುಳ್ಳೆಯನ್ನು ಒಡೆಯುತ್ತಿರುವುದು ಒಣ ಗಾಳಿ. ಎರಡೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಒಡೆದರೆ ಸಮಸ್ಯೆ ಬಸಿಯುವಿಕೆ.

ಒಣ ಗಾಳಿಗೆ ಮದ್ದು ಗ್ಲಿಸರಿನ್. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದ್ರವವನ್ನು ತುಸು ಮಂದ ಮಾಡುವುದರಿಂದ ಬಸಿಯುವುದನ್ನೂ ನಿಧಾನಗೊಳಿಸುತ್ತದೆ. ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲಾಟೊ 19ನೇ ಶತಮಾನದಲ್ಲಿ ಪೊರೆಗಳ ಆಕಾರವನ್ನು ಅಭ್ಯಾಸ ಮಾಡಲು ಬಳಸಿದ್ದು ಸೋಪು ಮತ್ತು ಗ್ಲಿಸರಿನ್ ಬೆರೆಸಿದ ದ್ರಾವಣವನ್ನೇ. ಆತ ಆಗ ಕಣ್ಣು ಕಳೆದುಕೊಂಡಿದ್ದ. ಬೇರೆಯವರು ಪ್ರಯೋಗ ಮಾಡಿ ವಿವರಿಸುತ್ತಿದ್ದರು, ಆತ ಅದರಿಂದ ನಿಯಮಗಳನ್ನು ಹುಡುಕುತ್ತಿದ್ದ. ನೊರೆಯಲ್ಲಿ ಯಾವಾಗಲೂ ಮೂರೇ ಪೊರೆಗಳು ಒಂದು ಅಂಚಿನಲ್ಲಿ 120 ಡಿಗ್ರಿ ಕೋನದಲ್ಲಿ ಸೇರುತ್ತವೆ ಎಂಬ ನಿಯಮ ಅವನದು. ಗಣಿತಜ್ಞೆ ಜೀನ್ ಟೇಲರ್ ಅದನ್ನು ಸಾಧಿಸಿ ತೋರಿಸಿದ್ದು 1976ರಲ್ಲಿ.

ಶುರು ಮಾಡಲು ಒಂದು ಅಳತೆ: ನೀರು 10 ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ 1 ಪಾಲು, ಗ್ಲಿಸರಿನ್ ಅರ್ಧ ಪಾಲು. ಇದು ಕಟ್ಟುನಿಟ್ಟಿನ ಲೆಕ್ಕ ಅಲ್ಲ. ಒಂದೊಂದು ಲಿಕ್ವಿಡ್ ಒಂದೊಂದು ಥರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲ ರಿಂಗು ಪರೀಕ್ಷೆ ಮಾಡಿ. ಗ್ಲಿಸರಿನ್ ಜಾಸ್ತಿಯಾದರೆ ಗುಳ್ಳೆ ಭಾರವಾಗಿ, ಕೆಳಗೆ ಹನಿ ಜೋತು ಬೀಳುತ್ತದೆ. ಹನಿ ತೊಟ್ಟಿಕ್ಕುವುದು ಕಂಡರೆ ಗ್ಲಿಸರಿನ್ ಕಡಿಮೆ ಮಾಡಿ.

ಸುಡು ಬಿಸಿಲಿನಲ್ಲಿ ಯಾವ ದ್ರಾವಣವೂ ಕಷ್ಟಪಡುತ್ತದೆ. ಬೆಳಗಿನ ಜಾವ, ಮಳೆ ನಿಂತ ಮೇಲೆ, ನೆರಳಿನಲ್ಲಿ ಮಾಡಿ ನೋಡಿ. ದ್ರಾವಣ ಬಿಸಿಯಾಗಿದ್ದರೆ ತಣಿಸಿ. ಬಿಸಿ ದ್ರವ ಬೇಗ ಬಸಿಯುತ್ತದೆ, ಬೇಗ ಆವಿಯಾಗುತ್ತದೆ.

ದೊಡ್ಡ ಗುಳ್ಳೆ ಬರದಿದ್ದರೆ

ಎರಡು ಕೋಲು, ಒಂದು ಹತ್ತಿ ದಾರದ ಕುಣಿಕೆ ಹಿಡಿದು ಆಳೆತ್ತರದ ಗುಳ್ಳೆ ಎಳೆಯುವವರಿಗೆ ಗ್ಲಿಸರಿನ್ ಒಂದೇ ಸಾಲದು. ಅಲ್ಲಿ ಪೊರೆ ಎಡೆಬಿಡದೆ ಹಿಗ್ಗುತ್ತದೆ. ಹಿಗ್ಗಿದರೂ ಹರಿಯದಂತೆ ಹಿಡಿಯಲು ಉದ್ದ ಸರಪಳಿಯ ಅಣುಗಳು ಬೇಕು. ಇವಕ್ಕೆ ಪಾಲಿಮರ್ ಎಂದು ಹೆಸರು. ಗೋರಿಕಾಯಿ ಜಾತಿಯ ಬೀಜದಿಂದ ಬರುವ ಗೌರ್ ಗಮ್ ಪುಡಿ ಅಥವಾ ಪಾಲಿಎಥಿಲೀನ್ ಆಕ್ಸೈಡ್ ಎಂಬ ಕೃತಕ ಪಾಲಿಮರ್ ಬಳಸುತ್ತಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ತಂಡ 2020ರಲ್ಲಿ ತೋರಿಸಿದ್ದು ಇದನ್ನೇ. ಒಂದೇ ಉದ್ದದ ಸರಪಳಿಗಳಿಗಿಂತ ಬೇರೆ ಬೇರೆ ಉದ್ದದವು ಬೆರೆತಾಗ ಅವು ಒಂದಕ್ಕೊಂದು ಚೆನ್ನಾಗಿ ಸಿಕ್ಕಿಕೊಂಡು ಪೊರೆಯನ್ನು ಗಟ್ಟಿ ಮಾಡುತ್ತವೆ.

ಇಲ್ಲಿ ಬರುವ ದೋಷ ಎರಡು. ಒಂದು, ಗಂಟು. ಗೌರ್ ಗಮ್ಮನ್ನು ನೇರವಾಗಿ ನೀರಿಗೆ ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಪುಡಿ ಇರುವ ಗಂಟುಗಳಾಗುತ್ತವೆ. ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, ಆಮೇಲೆ ನೀರಿಗೆ ಸೇರಿಸಿ. ಎರಡು, ಮಿಕ್ಸಿ. ಜೋರಾಗಿ ತಿರುವಿದರೆ ಉದ್ದ ಸರಪಳಿಗಳೇ ತುಂಡಾಗುತ್ತವೆ. ದ್ರಾವಣ ಎತ್ತಿದಾಗ ಎಳೆ ಎಳೆಯಾಗಿ ಇಳಿಯುತ್ತಿದ್ದದ್ದು ನೀರಿನಂತೆ ತೊಟ್ಟಿಕ್ಕಲು ಶುರುವಾದರೆ ಸರಪಳಿ ತುಂಡಾಗಿದೆ ಎಂದು ತಿಳಿಯಿರಿ. ಕೈಯಿಂದ ಮೆಲ್ಲಗೆ ಕಲಕಿ, ರಾತ್ರಿಯಿಡೀ ಬಿಡಿ.

ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ

ಮೊದಲು ಪಾತ್ರೆಯೊಳಗೆ ನೋಡಿ. ದ್ರಾವಣ ಬಿಲ್ಲೆ ಸೋಪಿನದಾಗಿದ್ದು, ಲೋಳೆಯಂತೆ ಗಟ್ಟಿಯಾಗಿದ್ದರೆ ಕೆಟ್ಟಿಲ್ಲ. ತಣ್ಣಗಾದಾಗ ಉದ್ದ ಬಾಲದ ಸೋಪುಗಳು ಕರಗಿ ನಿಲ್ಲುವುದಿಲ್ಲ. ಬೆಚ್ಚಗೆ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಸ್ನಾನದ ಸೋಪು ತಣ್ಣೀರಿನಲ್ಲಿ ಸರಿಯಾಗಿ ನೊರೆ ಬಿಡದಿರುವುದಕ್ಕೂ ಇದು ಕಾರಣ. ತೆಂಗಿನೆಣ್ಣೆಯಿಂದ ಮಾಡಿದ ಸೋಪಿನಲ್ಲಿ ಬಾಲ ಚಿಕ್ಕದು, ಹೆಚ್ಚಿನವು 12 ಇಂಗಾಲದ್ದು. ಹಾಗಾಗಿ ಅದು ತಣ್ಣೀರಿನಲ್ಲೂ ಬೇಗ ನೊರೆ ಬಿಡುತ್ತದೆ.

ಪಾತ್ರೆ ತೆರೆದೇ ಇದ್ದಿದ್ದರೆ ನೀರು ಆರಿ ದ್ರಾವಣ ಮಂದವಾಗಿರುತ್ತದೆ. ಆರಿದಷ್ಟು ನೀರು ಸೇರಿಸಿ, ನೊರೆ ಏಳದಂತೆ ಕಲಕಿ. ಪಾಲಿಎಥಿಲೀನ್ ಆಕ್ಸೈಡ್ ಹಾಕಿದ್ದನ್ನು ಬಿಸಿಲಿನಲ್ಲಿ ಇಟ್ಟಿದ್ದರೆ ಸರಪಳಿ ತುಂಡಾಗಿರಬಹುದು. ಅದಕ್ಕೆ ಸ್ವಲ್ಪ ಹೊಸ ಪಾಲಿಮರ್ ಬೆರೆಸಿ ನೋಡಿ, ಸರಿಹೋಗುವುದುಂಟು. ಗೌರ್ ಗಮ್ ಹಾಕಿದ್ದು ಹುಳಿ ವಾಸನೆ ಬರುತ್ತಿದ್ದರೆ ಸೂಕ್ಷ್ಮಜೀವಿಗಳು ಸೇರಿವೆ, ಅದನ್ನು ಇಟ್ಟುಕೊಳ್ಳಬೇಡಿ. ಚೆಲ್ಲುವಾಗ ಸಿಂಕಿಗೆ ಚೆಲ್ಲಿ, ಜೊತೆಗೆ ನೀರು ಬಿಡಿ. ನುಣುಪು ನೆಲದ ಮೇಲೆ ಬಿದ್ದರೆ ಗ್ಲಿಸರಿನ್ ಬೇಗ ಆರುವುದಿಲ್ಲ, ಕಾಲು ಜಾರುತ್ತದೆ. ಒಂದು ಸಲ ಒರೆಸಿದರೆ ಸಾಲದು. ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ.